ಅನುಸರಣವೂ ಸಭೆಯೂ: ಬೋನ್‌ಹೋಫರನ ಎರಡು ಗ್ರಂಥಗಳು

ಕ್ರೈಸ್ತ ಶಿಷ್ಯಧರ್ಮವನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ ಗ್ರಂಥಗಳು ಬಹಳ. ವಿಮರ್ಶೆಯ ಒರೆಗಲ್ಲಿಗೆ ನಿಲ್ಲುವವು ಕೆಲವೇ. ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಕ್ ಬೋನ್‌ಹೋಫರನು (1906–1945) 1937ರಲ್ಲಿ ಪ್ರಕಟಿಸಿದ ‘ನಾಖ್‌ಫೋಲ್ಗೆ’ಯೂ 1939ರಲ್ಲಿ ಹೊರತಂದ ‘ಗೆಮೈನ್‌ಸಾಮೆಸ್ ಲೇಬೆನ್’ ಎಂಬ ಕಿರುಹೊತ್ತಗೆಯೂ ಆ ಕೆಲವುಗಳಲ್ಲಿ ಸೇರತಕ್ಕವು. ಮೊದಲನೆಯದರ ವಿಷಯ ಕ್ರಿಸ್ತನನ್ನು ಅನುಸರಿಸುವುದು; ಎರಡನೆಯದರದು, ಹಾಗೆ ಅನುಸರಿಸುವವರು ಕೂಡಿ ಬಾಳುವುದು. ವಾಡಿಕೆಯಲ್ಲಿ ಇವನ್ನು ಓದುವವರೂ ಬೇರೆ, ಓದುವ ಉದ್ದೇಶವೂ ಬೇರೆ. ಮನಸ್ಸಿಗೆ ಚುರುಕು ಮುಟ್ಟಬೇಕೆನ್ನುವವರು ಮೊದಲನೆಯದನ್ನು ಹಿಡಿಯುತ್ತಾರೆ. ಸಭೆಯನ್ನು ಕಟ್ಟಿ ನಡೆಸುವವರು ಎರಡನೆಯದನ್ನು. ಈ ಎರಡನ್ನೂ ಒಂದಾಗಿ ಓದದಿದ್ದರೆ ಎರಡೂ ಕೆಡುತ್ತವೆ, ಎರಡನೆಯದು ಮೊದಲನೆಯದರ ತಿದ್ದುಪಡಿಯಾಗಿದೆ, ಎಂಬುದು ನಮ್ಮ ಅಭಿಮತ.

ಮೊದಲು ಹೆಸರನ್ನು ವಿಚಾರಿಸೋಣ. ಜರ್ಮನ್ ಪದಕ್ಕೆ ‘ಬೆನ್ನ ಹಿಂದೆ ನಡೆಯುವುದು’ ಎಂಬಷ್ಟೇ ಅರ್ಥ. 1948ರ ಇಂಗ್ಲಿಷ್ ಭಾಷಾಂತರವು ಹೆಸರಿನಲ್ಲಿಯೇ ‘ಬೆಲೆ’ ಎಂಬ ಮಾತನ್ನು ಸೇರಿಸಿತು. ಅಲ್ಲಿಂದ ಮುಂದೆ ವಾಚಕರು ಈ ಗ್ರಂಥದಲ್ಲಿ ತ್ಯಾಗದ ಲೆಕ್ಕವನ್ನೇ ಹುಡುಕತೊಡಗಿದರು. ಕನ್ನಡದಲ್ಲಿ ‘ಶಿಷ್ಯತ್ವ’ ಎಂದರೂ ತೊಡಕು ತಪ್ಪದು. ನಮ್ಮಲ್ಲಿ ಶಿಷ್ಯನು ಗುರುವನ್ನು ಅರಸಿ ಹೋಗುವವನು, ಶುಶ್ರೂಷೆ ಮಾಡಿ ಉಪದೇಶವನ್ನು ಪಡೆಯುವವನು, ಪಡೆದ ಮೇಲೆ ತಾನೂ ಗುರುವಾಗಬಲ್ಲವನು. ಸುವಾರ್ತೆಯಲ್ಲಿ ಹಾಗಿಲ್ಲ, ಅಲ್ಲಿ ಕರೆಯುವವನು ಗುರು, ಕರೆಯಿಸಿಕೊಂಡವನು ಕೊನೆಯವರೆಗೂ ಹಿಂಬಾಲಕ. ಕನ್ನಡ ಸತ್ಯವೇದವು ಈ ಪ್ರಸಂಗಗಳಲ್ಲಿ ‘ಹಿಂಬಾಲಿಸು’ ಎಂಬ ಕ್ರಿಯಾಪದವನ್ನೇ ಇಟ್ಟುಕೊಂಡಿರುವುದು ಮೂಲಕ್ಕೆ ತೀರ ಹತ್ತಿರವಾಗಿದೆ.

ಸಾಹಿತ್ಯದ ಉಪಾಧ್ಯಾಯರಿಗೆ ಈ ಗ್ರಂಥದಲ್ಲಿ ಅತ್ಯಂತ ರುಚಿಸತಕ್ಕದ್ದು ಲೇವಿಯ ಪ್ರಸಂಗದ ವ್ಯಾಖ್ಯಾನ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಯನ್ನು ಯೇಸು ಕರೆಯುತ್ತಾನೆ. ಅವನು ಎದ್ದು ಹೋಗುತ್ತಾನೆ. ನಡುವೆ ಏನೂ ಇಲ್ಲ. ಅವನು ಯೇಸುವಿನ ವಿಷಯವನ್ನು ಮೊದಲೇ ಕೇಳಿದ್ದಿರಬೇಕು, ಅವನ ಮನಸ್ಸು ಬಹುದಿನದಿಂದ ಹಣ್ಣಾಗಿದ್ದಿರಬೇಕು ಎಂದು ಮುಂತಾಗಿ ಸಾಮಾನ್ಯ ವ್ಯಾಖ್ಯಾನಕಾರರು ಈ ಬಿರುಕನ್ನು ಮುಚ್ಚಲು ಯತ್ನಿಸುತ್ತಾರೆ. ಬೋನ್‌ಹೋಫರನು ಇದನ್ನೊಪ್ಪುವುದಿಲ್ಲ. ಕಥನದ ಮೌನವು ಅಜಾಗರೂಕತೆಯಲ್ಲ, ಅದೇ ಅದರ ಅರ್ಥ. ಕರೆದವನಲ್ಲದೆ ಬೇರೆ ಕಾರಣವಿಲ್ಲವೆಂದು ತೋರಿಸಲಿಕ್ಕಾಗಿಯೇ ಕಾರಣವನ್ನು ಹೇಳಿಲ್ಲ ಎನ್ನುತ್ತಾನೆ. ದೇವತಾಶಾಸ್ತ್ರದಲ್ಲಿ ಇದರ ತೂಕವೇನೇ ಇರಲಿ, ಗ್ರಂಥದಲ್ಲಿ ಇಲ್ಲದ್ದನ್ನು ತುಂಬಿ ಓದುವ ಚಟಕ್ಕೆ ಇದಕ್ಕಿಂತ ಒಳ್ಳೆಯ ಔಷಧಿಯನ್ನು ನಾವು ಕಂಡಿಲ್ಲ.

‘ಅಗ್ಗದ ಕೃಪೆ’ ಎಂಬ ಪದಪ್ರಯೋಗದಿಂದ ಈ ಗ್ರಂಥಕ್ಕೆ ಪ್ರಸಿದ್ಧಿ ಬಂದಿತು. ಕೃಪೆಯಿಂದಲೇ ರಕ್ಷಣೆ ಎಂದು ಲೂಥರನು ಹೇಳಿದ್ದು ಬಹುಕಾಲದ ಕಠಿನ ಸಾಧನೆಯ ತರುವಾಯ. ಅವನ ಅನುಯಾಯಿಗಳು ಅದೇ ವಾಕ್ಯವನ್ನು ಸಾಧನೆಯ ಮೊದಲಿಗೇ ಇಟ್ಟುಕೊಂಡು ಸಾಧನೆಯನ್ನೇ ಬಿಟ್ಟರು ಎಂಬುದು ಆಕ್ಷೇಪಣೆಯ ಸಾರ. ಇದನ್ನು ವಿಶದಪಡಿಸಲು ಗಯಟೆಯ ಫೌಸ್ಟನನ್ನು ಕರೆತರುತ್ತಾನೆ: ನಾವು ಏನನ್ನೂ ಅರಿಯಲಾರೆವೆಂಬ ಮಾತು ಜ್ಞಾನಕ್ಕಾಗಿ ಬಾಳನ್ನು ಸವೆಸಿದ ಫೌಸ್ಟನ ಬಾಯಲ್ಲಿ ಫಲಿತಾಂಶ, ಕಾಲೇಜಿಗೆ ಈಗತಾನೆ ಸೇರಿದ ಹುಡುಗನ ಬಾಯಲ್ಲಿ ಸೋಮಾರಿತನಕ್ಕೆ ನೆಪ. ವಾಕ್ಯ ಒಂದೇ, ಸತ್ಯ ಬೇರೆ. ಇದನ್ನು ಬರೆದ ಕಾಲವನ್ನು ಮರೆಯಲಾಗದು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಘೋಷಣೆಯನ್ನು ಹೊರಡಿಸಿದ ವಿರೋಧಪಕ್ಷದ ಸಭೆಗೆ ಸೇರಿದವನು ಈತ. ಹಿಟ್ಲರನ ಆಳ್ವಿಕೆಗೆ ತಲೆಬಾಗಿದ ದೊಡ್ಡ ಸಭೆಗಳಲ್ಲಿ ಕೃಪೆಯ ಉಪದೇಶಕ್ಕೆ ಏನೂ ಕೊರತೆಯಿರಲಿಲ್ಲ.

ಇಷ್ಟಾದರೂ ಗ್ರಂಥದಲ್ಲಿ ಒಂದು ಬೆಸುಗೆ ಕಣ್ಣಿಗೆ ಒಡೆದು ಕಾಣುತ್ತದೆ. ಪೂರ್ವಾರ್ಧದಲ್ಲಿ ಕರೆಯು ಪ್ರತಿಯೊಬ್ಬನನ್ನೂ ಒಂಟಿಯಾಗಿಸುತ್ತದೆ. ಅವನಿಗೂ ಅವನ ತಂದೆತಾಯಿಗಳಿಗೂ ಲೋಕಕ್ಕೂ ನಡುವೆ ಕ್ರಿಸ್ತನು ನಿಲ್ಲುತ್ತಾನೆ. ಅಲ್ಲಿಂದ ಪರ್ವತ ಪ್ರಸಂಗದ ದೀರ್ಘ ವ್ಯಾಖ್ಯಾನ. ಉತ್ತರಾರ್ಧದಲ್ಲಿ ಪೌಲನ ಪತ್ರಿಕೆಗಳಿಗೆ ಹೊರಳಿ, ದೀಕ್ಷಾಸ್ನಾನ, ಕ್ರಿಸ್ತನ ದೇಹ, ಕಣ್ಣಿಗೆ ಕಾಣುವ ಸಭೆ ಎಂದು ಪ್ರತಿಪಾದನೆ ಸಾಗುತ್ತದೆ. ವಾದ ತಾರ್ಕಿಕವಾಗಿ ಸರಿಯೇ. ಆದರೆ ಆ ಒಂಟಿ ಹಿಂಬಾಲಕರು ಬೆಳಗ್ಗೆ ಎದ್ದು ಒಂದೇ ಮನೆಯಲ್ಲಿ ಏನು ಮಾಡಬೇಕು, ಒಬ್ಬನ ಕೆಮ್ಮನ್ನೂ ಮತ್ತೊಬ್ಬನ ಹಟವನ್ನೂ ಹೇಗೆ ಸಹಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಕಟ್ಟುನಿಟ್ಟಾದ ಮನಸ್ಸಿನವನೊಬ್ಬ ಈ ಗ್ರಂಥವೊಂದನ್ನೇ ಓದಿ ಸಭೆಯನ್ನು ಕಟ್ಟಹೊರಟರೆ ನೆರೆಯವರ ಅನುಸರಣವನ್ನು ಅಳೆಯುವ ಕೋಲೊಂದನ್ನು ಕೈಗೆ ತೆಗೆದುಕೊಂಡಾನು. ಗ್ರಂಥಕರ್ತನಿಗೂ ಈ ಶಂಕೆ ಇಲ್ಲದಿರಲಿಲ್ಲ. 1944ರ ಜುಲೈ 21ರಂದು ಟೇಗೆಲ್ ಸೆರೆಮನೆಯಿಂದ ಸ್ನೇಹಿತನಿಗೆ ಬರೆದ ಪತ್ರದಲ್ಲಿ, ಆ ಗ್ರಂಥದ ಅಪಾಯಗಳು ತನಗೆ ಈಗ ಕಾಣುತ್ತವೆಂದೂ ಆದರೂ ಅದನ್ನು ಕೈಬಿಡುವುದಿಲ್ಲವೆಂದೂ ತಿಳಿಸಿದ್ದಾನೆ.

ಆ ಉತ್ತರವನ್ನು ‘ಕೂಡುಬಾಳು’ ಎನ್ನಬಹುದಾದ ಎರಡನೆಯ ಹೊತ್ತಗೆಯಲ್ಲಿ ಹುಡುಕಬೇಕು. 1935ರಿಂದ ಬೋನ್‌ಹೋಫರನು ಸ್ಟೆಟಿನ್ ಪಟ್ಟಣದ ಬಳಿಯ ಫಿಂಕೆನ್‌ವಾಲ್ಡೆಯಲ್ಲಿ ಪಾದ್ರಿಗಳಾಗತಕ್ಕ ತರುಣರ ಶಾಲೆಯನ್ನು ನಡೆಸಿದನು. ಕೀರ್ತನೆಗಳ ಪಠನ, ಒಂದು ವಾರವೆಲ್ಲ ಒಂದೇ ವಾಕ್ಯಭಾಗದ ಮೇಲೆ ಮೌನಧ್ಯಾನ, ಎದುರಿಗಿಲ್ಲದ ಸಹೋದರನ ವಿಷಯ ಮಾತನಾಡಕೂಡದೆಂಬ ನಿಯಮ, ಇವು ಅಲ್ಲಿನ ದಿನಚರಿ. 1937ರ ಸೆಪ್ಟೆಂಬರಿನಲ್ಲಿ ಗೆಸ್ಟಾಪೋ ಪೋಲೀಸರು ಅದನ್ನು ಮುಚ್ಚಿಸಿದರು. ಮರುವರ್ಷ ಸುಮಾರು ನಾಲ್ಕು ವಾರಗಳಲ್ಲಿ ಬರೆದ ಹೊತ್ತಗೆ ಇದು. ಇಲ್ಲವಾದ ಮನೆಯೊಂದರ ನೆನಪು.

ಮೊದಲ ಗ್ರಂಥವನ್ನು ಓದಿಬಂದವನಿಗೆ ಇದರ ಮೊದಲ ಅಧ್ಯಾಯವು ಅಚ್ಚರಿಯನ್ನುಂಟುಮಾಡುತ್ತದೆ. ಸಭೆಯ ಶತ್ರು ಯಾರು? ಉದಾಸೀನನಲ್ಲ, ಆದರ್ಶವಾದಿ. ಸಭೆ ಹೀಗಿರಬೇಕೆಂದು ಕನಸು ಕಟ್ಟಿ, ಎದುರಿಗಿರುವ ಮನುಷ್ಯರಿಗಿಂತ ಆ ಕನಸನ್ನು ಹೆಚ್ಚಾಗಿ ಪ್ರೀತಿಸುವವನು, ಉದ್ದೇಶ ಎಷ್ಟೇ ಶುದ್ಧವಾಗಿರಲಿ, ಸಭೆಯನ್ನು ಒಡೆಯುತ್ತಾನೆ. ಮೊದಲು ಸಹೋದರರನ್ನು ದೂರುತ್ತಾನೆ, ಬಳಿಕ ದೇವರನ್ನು, ಕೊನೆಗೆ ತನ್ನನ್ನೇ. ಆದ್ದರಿಂದ ಕನಸು ಬೇಗನೆ ಒಡೆಯುವುದೇ ಲೇಸು. ಮೊದಲನೆಯ ಗ್ರಂಥದಲ್ಲಿ ಸಡಿಲತೆಯ ಮೇಲೆ ಎತ್ತಿದ ಕತ್ತಿಯನ್ನು ಇಲ್ಲಿ ಬಿಗುವಿನ ಮೇಲೆ ಎತ್ತಿದ್ದಾನೆ. ಸೇವೆಯನ್ನು ಕುರಿತ ಅಧ್ಯಾಯದಲ್ಲಿಯೂ ಬೋಧಿಸುವುದಕ್ಕೆ ಮೊದಲ ಸ್ಥಾನವಿಲ್ಲ. ನಾಲಗೆಯನ್ನು ಹಿಡಿಯುವುದು, ಕಿವಿಗೊಡುವುದು, ಸಣ್ಣಪುಟ್ಟ ಕೆಲಸಕ್ಕೆ ಕೈ ಕೊಡುವುದು, ಇನ್ನೊಬ್ಬನನ್ನು ಹೊರುವುದು ಇವೆಲ್ಲ ಆದ ಬಳಿಕವೇ ಬಾಯಿ ತೆರೆಯಲು ಅಧಿಕಾರ. ಸಭೆಯ ಆರೋಗ್ಯಕ್ಕೆ ಯೋಜನೆಗಳನ್ನು ಬರೆದಿಡುವವರು ಈ ಅನುಕ್ರಮವನ್ನು ಗಮನಿಸತಕ್ಕದ್ದು.

ಹೊತ್ತಗೆ ನಿರ್ದೋಷವೆಂದು ನಾವು ಹೇಳುವುದಿಲ್ಲ. ಕಾರ್ಲ್ ಬಾರ್ತನು ಫಿಂಕೆನ್‌ವಾಲ್ಡೆಯ ಕಾಗದಪತ್ರಗಳಲ್ಲಿಯೇ ಮಠದ ವಾಸನೆಯನ್ನು ಕಂಡು 1936ರಲ್ಲಿ ಬರೆದಿದ್ದನು. ಗೃಹಸ್ಥರ ಪ್ರಾರ್ಥನೆಯ ಮಾತು ಇಲ್ಲಿ ಬರುತ್ತದೆ, ನಿಜ. ಆದರೆ ಪುಸ್ತಕದ ಉಸಿರು ಮದುವೆಯಾಗದ ತರುಣರ ವಸತಿಗೃಹದ್ದು. ಅಳುವ ಕೂಸಿರುವ ಮನೆಯಲ್ಲಿ, ಪಾಳಿಯ ಮೇಲೆ ದುಡಿಯುವವರ ಊರಿನಲ್ಲಿ ಈ ದಿನಚರಿಯನ್ನು ಹೇಗೆ ಸಾಗಿಸಬೇಕೆಂಬುದನ್ನು ಓದುವವರೇ ಊಹಿಸಿಕೊಳ್ಳಬೇಕು. ಪ್ರಾಸಂಗಿಕವಾಗಿ ಒಂದು ಮಾತು: ಬೋನ್‌ಹೋಫರನು ಭಾರತಕ್ಕೆ ಬರಲು ಬಯಸಿದ್ದನು, 1934ರಲ್ಲಿ ಗಾಂಧೀಜಿಯವರು ಆತನನ್ನು ತಮ್ಮ ಬಳಿಗೆ ಆಹ್ವಾನಿಸಿಯೂ ಇದ್ದರು. ಶಾಲೆಯ ಭಾರ ಹೆಗಲೇರಿದ್ದರಿಂದ ಆ ಪ್ರಯಾಣ ನಡೆಯಲಿಲ್ಲ. ಹೆಂಗಸರೂ ಮಕ್ಕಳೂ ಕೂಡಿದ್ದ ಆಶ್ರಮದ ಬಾಳನ್ನು ಕಂಡಿದ್ದರೆ ಈ ಹೊತ್ತಗೆ ಇನ್ನಷ್ಟು ಅಗಲವಾಗುತ್ತಿತ್ತೇನೋ ಎಂದು ನಮಗೆ ತೋರಿದ್ದುಂಟು.

1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗಿನ ಬಂದೀಶಿಬಿರದಲ್ಲಿ ಬೋನ್‌ಹೋಫರನನ್ನು ಗಲ್ಲಿಗೇರಿಸಿದರು. ಅಂದಿನಿಂದ ಆ ಮರಣವೇ ಮೊದಲನೆಯ ಗ್ರಂಥಕ್ಕೆ ಭಾಷ್ಯವಾಗಿ ನಿಂತಿದೆ. ಇದರಿಂದ ಗ್ರಂಥಕ್ಕೆ ಗೌರವ ಬಂದಿದೆ, ವಿಮರ್ಶೆಗೆ ಸಂಕೋಚ ಹುಟ್ಟಿದೆ. 1937ರಲ್ಲಿ ಬರೆದವನಿಗೆ 1945 ತಿಳಿದಿರಲಿಲ್ಲವೆಂಬುದನ್ನು ನೆನಪಿನಲ್ಲಿಟ್ಟು ಓದಬೇಕು. ಕನ್ನಡದಲ್ಲಿ ಇವನ್ನು ಪಾಠ ಹೇಳುವವರು ಎರಡನ್ನೂ ಒಂದೇ ಸಂಪುಟವಾಗಿ ಎಣಿಸಿ, ಮೊದಲನೆಯದರಲ್ಲಿ ‘ಕಣ್ಣಿಗೆ ಕಾಣುವ ಸಭೆ’ಯ ಅಧ್ಯಾಯ ಮುಗಿದೊಡನೆ ಎರಡನೆಯದರ ಮೊದಲ ಅಧ್ಯಾಯವನ್ನು ತೆರೆದು, ಅದು ಮುಗಿದ ಮೇಲೆ ಮೊದಲನೆಯದರ ಉಳಿದ ಪುಟಗಳಿಗೆ ಹಿಂದಿರುಗುವುದು ಉಚಿತವೆಂದು ತೋರುತ್ತದೆ.