ಮದ್ದಿನ ಬೆಲೆ ಎಣಿಸಿದ ಸಂಶೋಧನೆ

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಒಮ್ಮೆ ದೇಹದ ಬೇರೆ ಕಡೆ ಹರಡಿತೆಂದರೆ ವೈದ್ಯರಿಗೆ ಮಾಡಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಹದಿನೈದು ವರ್ಷಗಳಲ್ಲಿ ಆ ಸ್ಥಿತಿ ಬದಲಾಗಿದೆ. ಇಪಿಲಿಮುಮಾಬ್ ಮತ್ತು ನಿವೊಲುಮಾಬ್ ಔಷಧಿಗಳನ್ನು ಒಟ್ಟಿಗೆ ಪಡೆದವರಲ್ಲಿ ಶೇ. 43 ಮಂದಿ ಹತ್ತು ವರ್ಷಗಳ ನಂತರವೂ ಬದುಕಿದ್ದಾರೆಂದು ಚೆಕ್‌ಮೇಟ್ 067 ಪ್ರಯೋಗದ 2024ರ ವರದಿ ಹೇಳುತ್ತದೆ. ಅದೇ ಪ್ರಯೋಗದ 2015ರ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ: ಈ ಜೋಡಿ ಔಷಧಿ ಪಡೆದವರಲ್ಲಿ ಶೇ. 55 ಮಂದಿಗೆ ತೀವ್ರ ಅಡ್ಡಪರಿಣಾಮವಾಗಿತ್ತು. ಮೊದಲನೆಯ ಅಂಕಿಯನ್ನು ಎಲ್ಲರೂ ಸಂಭ್ರಮದಿಂದ ಹೇಳುತ್ತಾರೆ. ಎರಡನೆಯದನ್ನು ಬಿಡಿಸಿ ನೋಡಿದವರಲ್ಲಿ ಮುಖ್ಯರು ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೆಲನೋಮಾ ತಜ್ಞ ಡಗ್ಲಸ್ ಜಾನ್ಸನ್. ಅಡ್ಡಪರಿಣಾಮವನ್ನು ವರದಿಯ ಕೊನೆಯ ಪಟ್ಟಿಯಿಂದ ಎತ್ತಿ ಅಧ್ಯಯನದ ನಡುಮನೆಗೆ ತಂದದ್ದು ಅವರ ಸಾಧನೆ. ಅದರ ಶಕ್ತಿಯನ್ನೂ ಮಿತಿಯನ್ನೂ ತೂಗಿ ನೋಡಬೇಕಾದ ಕಾಲ ಬಂದಿದೆ.

ಇಮ್ಯುನೋಥೆರಪಿ ಎನಿಸಿಕೊಂಡ ಈ ಔಷಧಿಗಳು ಗೆಡ್ಡೆಯನ್ನು ನೇರವಾಗಿ ಮುಟ್ಟುವುದಿಲ್ಲ. ರೋಗನಿರೋಧಕ ಪಡೆಯ ಟಿ-ಕೋಶಗಳು ಸ್ವಂತ ಅಂಗಾಂಗಗಳ ಮೇಲೆರಗದಂತೆ ದೇಹ ಕೆಲವು ತಡೆಗಳನ್ನು ಇಟ್ಟುಕೊಂಡಿದೆ. ಇಪಿಲಿಮುಮಾಬ್ ತೆಗೆಯುವ ಸಿಟಿಎಲ್‌ಎ-4, ನಿವೊಲುಮಾಬ್ ತೆಗೆಯುವ ಪಿಡಿ-1 ಅಂಥವು. ಸಿಟಿಎಲ್‌ಎ-4 ತಡೆಯನ್ನು ತೆಗೆದರೆ ಟಿ-ಕೋಶಗಳು ಕ್ಯಾನ್ಸರಿನ ಮೇಲೆ ತಿರುಗಿ ಬೀಳುತ್ತವೆಂದು ವಿಜ್ಞಾನಿ ಜೇಮ್ಸ್ ಅಲಿಸನ್ ಅವರ ತಂಡ 1996ರಲ್ಲಿ ಇಲಿಗಳಲ್ಲಿ ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲೇ ಎಚ್ಚರಿಕೆಯೂ ಬಂದಿತ್ತು. ಸಿಟಿಎಲ್‌ಎ-4 ಇಲ್ಲದೆ ಹುಟ್ಟಿದ ಇಲಿಮರಿಗಳು ಮೂರು ನಾಲ್ಕು ವಾರಗಳಲ್ಲಿ ಸಾಯುತ್ತಿದ್ದವು. ಅವುಗಳ ಹೃದಯದೊಳಗೂ ಟಿ-ಕೋಶಗಳು ನುಗ್ಗಿದ್ದವು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 14 ಮೆಲನೋಮಾ ರೋಗಿಗಳಿಗೆ ಸಿಟಿಎಲ್‌ಎ-4 ತಡೆ ತೆಗೆಯುವ ಚಿಕಿತ್ಸೆ ಕೊಟ್ಟು ವರದಿ ಮಾಡಿದರು. ಮೂವರ ಗೆಡ್ಡೆ ಕರಗಿತು ಇಲ್ಲವೆ ಕುಗ್ಗಿತು. ಆರು ಮಂದಿಗೆ ಕರುಳು, ಯಕೃತ್ತು, ಚರ್ಮ, ಪಿಟ್ಯುಟರಿ ಗ್ರಂಥಿಗಳಲ್ಲಿ ತೀವ್ರ ಉರಿಯೂತವಾಯಿತು. ಗುಣ ಮತ್ತು ಹಾನಿ ಎರಡರ ಮೂಲವೂ ಒಂದೇ ಎಂಬುದು ಅಲ್ಲಿಗೇ ಸ್ಪಷ್ಟವಾಗಿತ್ತು.

ಜಾನ್ಸನ್ ಅವರ ಹೆಸರು ದೊಡ್ಡದಾಗಿ ಕೇಳಿಬಂದದ್ದು 2016ರಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅವರು ಮೊದಲ ಲೇಖಕರಾಗಿ ಬರೆದ ಪ್ರಬಂಧದಿಂದ. ಅದು ಹೃದಯದ ಉರಿಯೂತಕ್ಕೆ ಬಲಿಯಾದ ಇಬ್ಬರ ಕತೆ. 65 ವರ್ಷದ ಒಬ್ಬ ಮಹಿಳೆ ಜೋಡಿ ಔಷಧಿಯ ಮೊದಲ ಡೋಸ್ ಪಡೆದ 12 ದಿನಕ್ಕೆ ಎದೆನೋವು, ಉಸಿರಾಟದ ತೊಂದರೆ, ಸುಸ್ತು ಎಂದು ಆಸ್ಪತ್ರೆಗೆ ಬಂದರು. 63 ವರ್ಷದ ಒಬ್ಬ ಪುರುಷ 15 ದಿನಕ್ಕೆ ಸುಸ್ತು, ಮೈಕೈ ನೋವು ಎಂದು ಬಂದರು. ಸ್ಟಿರಾಯ್ಡ್ ಕೊಟ್ಟರೂ ಇಬ್ಬರ ಹೃದಯದ ವಿದ್ಯುತ್ ಸಂಚಾರವೂ ಕೆಟ್ಟಿತು, ಇಬ್ಬರೂ ಉಳಿಯಲಿಲ್ಲ. ಹೆಚ್ಚಿನ ವರದಿಗಳು ಅಷ್ಟಕ್ಕೇ ಮುಗಿಯುತ್ತವೆ. ಜಾನ್ಸನ್ ಮತ್ತು ಸಂಗಡಿಗರು ಮರಣೋತ್ತರ ಪರೀಕ್ಷೆಯ ಅಂಗಾಂಶಗಳನ್ನು ಪದರ ಪದರವಾಗಿ ಪರಿಶೀಲಿಸಿದರು. ಹೃದಯದ ಸ್ನಾಯುವಿನಲ್ಲಿ, ಕೈಕಾಲಿನ ಸ್ನಾಯುವಿನಲ್ಲಿ, ಗೆಡ್ಡೆಯಲ್ಲಿ ಒಂದೇ ಮೂಲದ ಟಿ-ಕೋಶಗಳು ಸಿಕ್ಕವು. ಕ್ಯಾನ್ಸರನ್ನು ಬೆನ್ನಟ್ಟಿದ ಕೋಶಗಳೇ ಹೃದಯಕ್ಕೂ ಹೋಗಿರಬಹುದೆಂಬ ಬಲವಾದ ಸುಳಿವು ಅದು. ಎರಡು ಸಾವುಗಳಿಂದ ಸಾವಿರಾರು ರೋಗಿಗಳಿಗೆ ಬೇಕಾದ ಪ್ರಶ್ನೆಯನ್ನು ಹೊರತೆಗೆದದ್ದೇ ಈ ಪ್ರಬಂಧದ ದೊಡ್ಡತನ. 2022ರಲ್ಲಿ ಬಾಲ್ಕೊ, ಮಾಸ್ಲೆಹಿ ಮುಂತಾದ ಸಹೋದ್ಯೋಗಿಗಳ ಜೊತೆ ನೇಚರ್‌ನಲ್ಲಿ ಬಂದ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೃದಯದ ಆಲ್ಫಾ-ಮಯೋಸಿನ್ ಎಂಬ ಪ್ರೋಟೀನ್ ಈ ದಾಳಿಯ ಗುರಿಗಳಲ್ಲೊಂದೆಂದು ತೋರಿಸಿತು.

ಹತ್ತಿರದಿಂದ ನೋಡಿದ ಮೇಲೆ ಅವರು ದೂರ ನಿಂತು ಎಣಿಸಿದರು. 2018ರಲ್ಲಿ ಅವರ ತಂಡ ವಿಶ್ವ ಆರೋಗ್ಯ ಸಂಸ್ಥೆಯ ವಿಜಿಬೇಸ್ ದತ್ತಾಂಶದಿಂದ ಈ ಔಷಧಿಗಳಿಗೆ ಸಂಬಂಧಿಸಿದ 613 ಸಾವುಗಳನ್ನು ಹೆಕ್ಕಿತು. ಇಪಿಲಿಮುಮಾಬ್ ಒಂದನ್ನೇ ಪಡೆದು ಸತ್ತವರಲ್ಲಿ ಶೇ. 70 ಮಂದಿಗೆ ಕರುಳಿನ ಉರಿಯೂತವಿತ್ತು. ಪಿಡಿ-1 ಗುಂಪಿನಲ್ಲಿ ಶ್ವಾಸಕೋಶದ ಉರಿಯೂತ ಮುಂದಿತ್ತು. ಹೃದಯದ ಉರಿಯೂತ ವರದಿಯಾದ 131 ಮಂದಿಯಲ್ಲಿ 52 ಮಂದಿ ತೀರಿಕೊಂಡಿದ್ದರು. ಯಾವ ಔಷಧಿ ಕೊಟ್ಟಾಗ ಯಾವ ಅಂಗದ ಮೇಲೆ ಕಣ್ಣಿಡಬೇಕೆಂದು ವಾರ್ಡಿನ ವೈದ್ಯರಿಗೆ ಇದರಿಂದ ತಿಳಿಯಿತು. ಆದರೆ ಇಂಥ ದತ್ತಾಂಶಕ್ಕೆ ಬರುವುದು ಯಾರೋ ಗುರುತಿಸಿ ಬರೆದು ಕಳಿಸಿದ ಪ್ರಕರಣ ಮಾತ್ರ. ಗುರುತಿಸದೆ ಹೋದದ್ದು, ಹಗುರವಾಗಿ ಬಂದು ಹೋದದ್ದು ಅಲ್ಲಿಲ್ಲ. ಹೃದಯದ ಉರಿಯೂತ ಬಂದವರಲ್ಲಿ ಶೇ. 40 ಮಂದಿ ಸಾಯುತ್ತಾರೆ ಎಂದು ಈಗ ಸಲೀಸಾಗಿ ಹೇಳುವವರು ಈ ಮಿತಿಯನ್ನು ಮರೆಯಬಾರದು. ಔಷಧಿ ಪಡೆದವರೆಲ್ಲರಲ್ಲಿ ಅಡ್ಡಪರಿಣಾಮದಿಂದ ಸತ್ತವರ ಪ್ರಮಾಣ ತಿಳಿಯಲು ಇದೇ ಪ್ರಬಂಧ ಪ್ರಯೋಗಗಳ ಅಂಕಿಗಳನ್ನು ಬೇರೆಯಾಗಿ ಕಲೆಹಾಕಿದೆ: ಪಿಡಿ-1 ಔಷಧಿಗಳಿಗೆ ಶೇ. 0.36, ಜೋಡಿ ಔಷಧಿಗೆ ಶೇ. 1.23.

ನನ್ನ ಮಟ್ಟಿಗೆ ಅವರ ಅತ್ಯಂತ ಮಾನವೀಯ ಕೆಲಸ ಗಾತ್ರದಲ್ಲಿ ಚಿಕ್ಕದು. ಸಂಧಿವಾತ, ಸೋರಿಯಾಸಿಸ್‌ನಂಥ ಸ್ವನಿರೋಧಕ ಕಾಯಿಲೆ ಇರುವವರನ್ನು ದೊಡ್ಡ ಪ್ರಯೋಗಗಳು ಹೊರಗಿಟ್ಟಿದ್ದವು. ಅಂಥ 30 ಮೆಲನೋಮಾ ರೋಗಿಗಳಿಗೆ ಇಪಿಲಿಮುಮಾಬ್ ಕೊಟ್ಟಾಗ ಏನಾಯಿತೆಂದು ಜಾನ್ಸನ್ 2016ರಲ್ಲೇ ಬರೆದರು. ಎಂಟು ಮಂದಿಯ ಹಳೆಯ ಕಾಯಿಲೆ ಕೆರಳಿತು, ಹತ್ತು ಮಂದಿಗೆ ಹೊಸ ತೀವ್ರ ಅಡ್ಡಪರಿಣಾಮವಾಯಿತು, ಒಬ್ಬರು ಸತ್ತರು. ಅರ್ಧದಷ್ಟು ಮಂದಿಗೆ ಈ ಎರಡೂ ಆಗಲಿಲ್ಲ; ಆರು ಮಂದಿಯ ಗೆಡ್ಡೆ ಕುಗ್ಗಿತು. 30 ಜನರಿಂದ ನಿಯಮ ಕಟ್ಟಲಾಗದು, ನಿಜ. ಆದರೂ ನಿಮಗೆ ಈ ಮದ್ದಿಲ್ಲ ಎಂದು ಬಾಗಿಲು ಹಾಕಿಸಿಕೊಂಡವರಿಗೆ ವೈದ್ಯರೊಡನೆ ಕೂತು ಮಾತಾಡಲು ಅದರಿಂದ ಆಧಾರ ಸಿಕ್ಕಿತು.

ಜಾನ್ಸನ್ ತಂಡದ 2021ರ ಅಧ್ಯಯನ ಹೆಚ್ಚು ಕಳವಳ ಹುಟ್ಟಿಸುತ್ತದೆ. ಇಲ್ಲಿರುವವರು ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆ ತೆಗೆಸಿಕೊಂಡು, ಅದು ಮರಳದಿರಲೆಂದು ಪಿಡಿ-1 ಔಷಧಿ ಪಡೆದ 387 ಮಂದಿ. ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗಿತ್ತೇನೋ. ಔಷಧಿ ನಿಲ್ಲಿಸಿ ಹನ್ನೆರಡು ವಾರ ಕಳೆದರೂ ಶೇ. 43 ಮಂದಿಯಲ್ಲಿ ಅಡ್ಡಪರಿಣಾಮ ಉಳಿದಿತ್ತು. ಅದರಲ್ಲಿ ಶೇ. 96ರಷ್ಟು ಸೌಮ್ಯ ದರ್ಜೆಯವೆಂದು ಪ್ರಬಂಧ ಹೇಳುತ್ತದೆ. ನನ್ನ ತಕರಾರು ಇಲ್ಲೇ. ಅಡ್ರಿನಲ್ ಗ್ರಂಥಿಯ ಕೆಲಸ ನಿಂತು ದಿನವೂ ಹೈಡ್ರೋಕಾರ್ಟಿಸೋನ್ ಮಾತ್ರೆ ನುಂಗುವವರು, ಜ್ವರ ಬಂದಾಗ ಅದರ ಪ್ರಮಾಣ ಹೆಚ್ಚಿಸದಿದ್ದರೆ ಪ್ರಾಣಕ್ಕೇ ಕುತ್ತು ತಂದುಕೊಳ್ಳುವವರು ಕೂಡ ಈ ದರ್ಜೆಯಲ್ಲಿ ಸೌಮ್ಯ ಎನಿಸಿಕೊಳ್ಳಬಹುದು. ಕೆಲವು ತಿಂಗಳು ಕೊಡುವ ಕೀಮೋಥೆರಪಿಯ ತೊಂದರೆ ಅಳೆಯಲು ಒಗ್ಗಿದ ಅಳತೆಗೋಲು ಬದುಕಿಡೀ ಉಳಿಯುವ ಕೊರತೆಯನ್ನು ಅಳೆಯಲಾರದು. ಈ ಕೊರತೆಗಳು ಬಹುಪಾಲು ಮರಳಿ ಸರಿಹೋಗುವುದಿಲ್ಲವೆಂದು ಬೆಳಕಿಗೆ ತಂದ ತಂಡವೇ ಹಳೆಯ ಅಳತೆಗೋಲನ್ನು ಇನ್ನಷ್ಟು ಗಟ್ಟಿಯಾಗಿ ಪ್ರಶ್ನಿಸಬೇಕಿತ್ತು.

ಇನ್ನೊಂದು ಕೊರತೆ ಇಡೀ ಕ್ಷೇತ್ರದ್ದು. ಹಾನಿಯನ್ನು ಎಣಿಸಿದಷ್ಟು ಶ್ರದ್ಧೆಯಿಂದ ಹಾನಿಗೆ ಚಿಕಿತ್ಸೆ ಯಾವುದೆಂದು ಪರೀಕ್ಷಿಸಿಲ್ಲ. ಸ್ಟಿರಾಯ್ಡ್ ಎಷ್ಟು, ಎಷ್ಟು ದಿನ ಎಂಬುದು ಇಂದಿಗೂ ಬಹುಮಟ್ಟಿಗೆ ಅನುಭವದ ಮೇಲೆ ನಡೆಯುತ್ತಿದೆ. ಪಿಟ್ಯುಟರಿ ಉರಿಯೂತಕ್ಕೆ ಹೆಚ್ಚು ಸ್ಟಿರಾಯ್ಡ್ ಪಡೆದ ಮೆಲನೋಮಾ ರೋಗಿಗಳು ಕಡಿಮೆ ಕಾಲ ಬದುಕಿದ್ದನ್ನು 2018ರ ಒಂದು ಅಧ್ಯಯನ ಕಂಡಿತ್ತು. ಪ್ರಯೋಗ ನಡೆಸಿದರೆ ಫಲವಿದೆ ಎನ್ನುವುದಕ್ಕೆ ಚೆಕ್‌ಮೇಟ್ 511 ಸಾಕ್ಷಿ: ಜೋಡಿಯಲ್ಲಿ ಇಪಿಲಿಮುಮಾಬ್ ಪ್ರಮಾಣ ಇಳಿಸಿ ನಿವೊಲುಮಾಬ್ ಏರಿಸಿದಾಗ ತೀವ್ರ ಅಡ್ಡಪರಿಣಾಮ ಶೇ. 48ರಿಂದ ಶೇ. 34ಕ್ಕೆ ಇಳಿಯಿತು.

ನಮ್ಮ ನಾಡಿನಲ್ಲಿ ಮೆಲನೋಮಾ ವಿರಳ. ಆದರೆ ಇದೇ ಔಷಧಿಗಳನ್ನು ಶ್ವಾಸಕೋಶ, ಬಾಯಿ, ಗಂಟಲಿನ ಕ್ಯಾನ್ಸರಿಗೂ ಕೊಡುವುದರಿಂದ ಜಾನ್ಸನ್ ಅವರ ಕೆಲಸ ನಮಗೆ ನೇರವಾಗಿ ಸಂಬಂಧಿಸಿದ್ದು. ಹೃದಯದ ಉರಿಯೂತ ಕಾಣಿಸಿಕೊಂಡದ್ದು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 17 ದಿನಕ್ಕೆಂದು ನ್ಯೂ ಇಂಗ್ಲೆಂಡ್ ಜರ್ನಲ್‌ನ ಅವರ 2016ರ ಪ್ರಬಂಧ ಹೇಳುತ್ತದೆ. ಬೆಂಗಳೂರಿನಲ್ಲಿ ಡ್ರಿಪ್ ಹಾಕಿಸಿಕೊಂಡ ರಾಯಚೂರಿನ ರೋಗಿ ಆ ಹೊತ್ತಿಗೆ ಊರಿಗೆ ಮರಳಿರುತ್ತಾರೆ. ಎದೆನೋವೆಂದು ಅವರು ಹೋಗುವುದು ತಾಲ್ಲೂಕು ಆಸ್ಪತ್ರೆಗೆ. ಯಾವ ಔಷಧಿ ಪಡೆದಿದ್ದಾರೆಂದು ಅಲ್ಲಿನ ವೈದ್ಯರು ಕೇಳದಿದ್ದರೆ ಅದು ಮಾಮೂಲಿ ಹೃದಯಾಘಾತವೆಂದೇ ದಾಖಲಾಗುತ್ತದೆ. ಯಾವ ದತ್ತಾಂಶಕ್ಕೂ ಸೇರುವುದಿಲ್ಲ. ಕ್ಷಯ ಮನೆಮಾಡಿರುವ ದೇಶದಲ್ಲಿ ದೀರ್ಘ ಕಾಲದ ಸ್ಟಿರಾಯ್ಡ್‌ಗೆ ಬೇರೆಯದೇ ಅಪಾಯವಿದೆ. ಸಿರಿವಂತ ದೇಶಗಳ ಆಸ್ಪತ್ರೆಗಳಲ್ಲಿ ಕಲೆಹಾಕಿದ ಅಂಕಿಗಳು ಇದಕ್ಕೆ ಉತ್ತರ ಕೊಡಲಾರವು. ಆ ಎಣಿಕೆಯನ್ನು ನಾವೇ ಮಾಡಬೇಕು.

ಜಾನ್ಸನ್ ಅವರ ಕೆಲಸ ಇಮ್ಯುನೋಥೆರಪಿಯ ಮೇಲಿನ ನಂಬಿಕೆಯನ್ನು ಕುಗ್ಗಿಸಲಿಲ್ಲ. ಆ ನಂಬಿಕೆಗೆ ಪ್ರಾಮಾಣಿಕತೆಯನ್ನು ಸೇರಿಸಿತು. ಔಷಧಿ ಗೆದ್ದಿತೆಂದು ಸಾರುವಾಗಲೇ ಆ ಗೆಲುವಿಗೆ ಯಾರು ಏನು ತೆತ್ತರೆಂದು ಬರೆದಿಡುವುದು ವಿಜ್ಞಾನದ ಕರ್ತವ್ಯವೆಂದು ಅವರು ಮಾಡಿ ತೋರಿಸಿದರು. ಈ ಹಾನಿ ಯಾರಿಗಾಗುತ್ತದೆಂದು ಮುಂಚಿತವಾಗಿ ಹೇಳುವ ಪರೀಕ್ಷೆ, ಆದ ಮೇಲೆ ಸರಿಪಡಿಸುವ ಖಚಿತ ಚಿಕಿತ್ಸೆ, ರೋಗಿಯ ದಿನನಿತ್ಯದ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಳತೆ, ಈ ಮೂರೂ ಇನ್ನು ಬರಬೇಕಿವೆ. ಅವು ಬಂದಾಗಲೂ ಅವುಗಳ ಬುಡದಲ್ಲಿ ಈ ಎಣಿಕೆಯೇ ಇರುತ್ತದೆ.