ಪಗಾರಿಲ್ಲದ ಕೊಲೆಗಾರ

‘ಅಲ್ರೀ ಸರ, ಇಷ್ಟ್ ಮಂದೀನ್ನ ಹೊಡದಾನ, ಇವಂಗ ಪಗಾರ ಯಾರ್ ಕೊಡ್ತಾರ?’

ರಾಯಚೂರಿನ ಟಾಕೀಸಿನಲ್ಲಿ ‘ಗರುಡ ಗಮನ ವೃಷಭ ವಾಹನ’ ನೋಡುತ್ತಿದ್ದಾಗ ಪಕ್ಕದ ಸೀಟಿನಲ್ಲಿದ್ದ ದೇವದುರ್ಗದ ಹುಡುಗ ಕೇಳಿದ ಮಾತಿದು. ವರ್ಷದಲ್ಲಿ ಆರು ತಿಂಗಳು ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡುವವನು. ಆಗ ಸುಮ್ಮನಿರು ಎಂದು ಕೈ ಸನ್ನೆ ಮಾಡಿದೆ. 2021ರ ನವೆಂಬರ್ 19ರಂದು ತೆರೆಗೆ ಬಂದ ಈ ಚಿತ್ರದ ಬಗ್ಗೆ ಆಮೇಲೆ ನಾನು ಓದಿದ ಹೊಗಳಿಕೆಗಳಲ್ಲಿ ಒಂದೂ ಅವನ ಪ್ರಶ್ನೆಯ ಹತ್ತಿರ ಸುಳಿಯಲಿಲ್ಲ.

ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ತಾವೇ ಕೊಲೆಗಾರ ಶಿವನಾಗಿ ನಟಿಸಿದ ಚಿತ್ರ. ಮಂಗಳೂರಿನ ಮಂಗಳಾದೇವಿಯ ಪರಿಸರ, ರಿಷಬ್ ಶೆಟ್ಟಿಯ ಹರಿ, ಗೋಪಾಲಕೃಷ್ಣ ದೇಶಪಾಂಡೆಯವರ ಪೊಲೀಸ್ ಬ್ರಹ್ಮಯ್ಯ, ಇವನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ‘ಓಂ’ನಿಂದ ‘ಜೋಗಿ’, ‘ಟಗರು’ವರೆಗೆ ಕನ್ನಡದ ಲಾಂಗು ಮಚ್ಚಿನ ವಂಶಾವಳಿಯೂ ಓದುಗರಿಗೆ ಬಾಯಿಪಾಠ. ಪ್ರವೀಣ್ ಶ್ರೀಯಾನ್ ಅವರ ಕ್ಯಾಮೆರಾ ಚೆನ್ನಾಗಿದೆ, ಸಂಕಲನ ಇನ್ನೂ ಚೆನ್ನಾಗಿದೆ. ಇಷ್ಟು ಒಪ್ಪಿಕೊಂಡ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ಒಂಟಿ ಕೊಲೆಗಾರನೊಬ್ಬನ ಒಳ್ಳೆಯ ಹಾಸ್ಯಚಿತ್ರವಾಗಬಹುದಾಗಿದ್ದ ಕಥೆಯನ್ನು ಈ ಸಿನಿಮಾ ದೇವರಕೋಣೆಯಲ್ಲಿಟ್ಟು ಕೆಡಿಸಿತು.

ಎಲ್ಲರೂ ಮೆಚ್ಚಿದ ಆ ಕುಣಿತವನ್ನೇ ನೋಡೋಣ. ಕೊಲೆ ಮುಗಿಸಿದ ಶಿವ ಗುಡಿಯ ಮುಂದೆ ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಹಿನ್ನೆಲೆಯಲ್ಲಿ ‘ಸೋಜುಗದ ಸೂಜು ಮಲ್ಲಿಗೆ’. ಚೈತ್ರಾ ಆಚಾರ್ ದನಿ, ಮಿಥುನ್ ಮುಕುಂದನ್ ಸಂಗೀತ. ನನಗೂ ಮೈ ಜುಮ್ಮೆಂದಿದ್ದು ಸುಳ್ಳಲ್ಲ. ಎರಡನೇ ಸಲ ನೋಡುವಾಗ ಮಾತ್ರ ಕಿವಿ ತಮಟೆಗಾಗಿ ಹುಡುಕತೊಡಗಿತು. ಹಾಡು ಮಲೆ ಮಹದೇಶ್ವರನದು, ಹೆಜ್ಜೆ ಕರಾವಳಿಯದು. ಇವೆರಡನ್ನು ಕೂಡಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ, ಕಲೆಗೆ ಜಿಲ್ಲೆಯ ಗಡಿ ಹಾಕುವವನು ನಾನಲ್ಲ. ಆದರೆ ಹುಲಿಯಿಂದ ಏನೇನು ಕಿತ್ತುಕೊಂಡಿದ್ದಾರೆ ನೋಡಿ. ಬಣ್ಣ ಇಲ್ಲ, ತಾಸೆ ಇಲ್ಲ, ಸುತ್ತ ನೆರೆಯುವ ಮಂದಿ ಇಲ್ಲ, ಮುಖ್ಯವಾಗಿ ರೊಕ್ಕ ಇಲ್ಲ.

ನಮ್ಮ ಕಡೆ ಮೊಹರಂ ಬಂತೆಂದರೆ ಹುಲಿಗಳು ಹೊರಡುತ್ತವೆ. ಮಗುವಿನ ಜಡ್ಡು ವಾಸಿಯಾಗಲೆಂದು ಹರಕೆ ಹೊತ್ತವನು, ಹಿಂದೂ ಆಗಲಿ ಮುಸ್ಲಿಂ ಆಗಲಿ, ಮೈತುಂಬ ಪಟ್ಟೆ ಬಳಿಸಿಕೊಂಡು ಅಲಾಯಿ ಕುಣಿಯ ಮುಂದೆ, ಆಮೇಲೆ ಅಂಗಡಿ ಸಾಲಿನ ಮುಂದೆ ಹಲಗೆಯ ಪೆಟ್ಟಿಗೆ ಕುಣಿಯುತ್ತಾನೆ. ಕಿರಾಣಿ ಅಂಗಡಿಯವನು ನೋಟು ಕೊಡುವವರೆಗೆ ಹುಲಿ ಕದಲುವುದಿಲ್ಲ. ಮಂಗಳೂರಿನ ನವರಾತ್ರಿ ಹುಲಿಯೂ ಬೇರೆಯಲ್ಲ. ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಲ್ಲಿ ಕಚ್ಚಿ ಎತ್ತುತ್ತದೆ, ಅಕ್ಕಿಮುಡಿಯನ್ನು ಹಲ್ಲಲ್ಲಿ ಹಿಡಿದು ಹಿಂದಕ್ಕೆಸೆಯುತ್ತದೆ. ಎರಡೂ ಕಡೆ ಹುಲಿ ಭಯ ಹುಟ್ಟಿಸುತ್ತಲೇ ನಗಿಸುತ್ತದೆ. ಎದುರಿಗಿರುವುದು ತನ್ನ ಓಣಿಯ ದರ್ಜಿಯೋ ಹಮಾಲನೋ ಎಂದು ಕೂಸಿಗೂ ಗೊತ್ತು, ಆದರೂ ಅಳುತ್ತದೆ. ಶಿವನ ಕುಣಿತದಲ್ಲಿ ಈ ದರ್ಜಿ ಇಲ್ಲ, ಹಮಾಲ ಇಲ್ಲ. ಬರೀ ರುದ್ರ. ಕ್ಯಾಮೆರಾ ಅವನ ಮುಂದೆ ಕೈಮುಗಿದು ನಿಂತಿದೆ, ಕೈಮುಗಿದು ನಿಂತವರಿಗೆ ನಗಲಾಗುವುದಿಲ್ಲ.

ಇಲ್ಲಿ ನಮ್ಮ ವಿಮರ್ಶಕ ಮಿತ್ರರ ಬಗ್ಗೆ ಒಂದು ಮಾತು ಆಡದಿದ್ದರೆ ಊಟ ರುಚಿಸುವುದಿಲ್ಲ. ಹರಿ ಅಂದರೆ ವಿಷ್ಣು, ಶಿವ ಅಂದರೆ ಶಿವ, ಬ್ರಹ್ಮಯ್ಯ ಅಂದರೆ ಬ್ರಹ್ಮ ಎಂದು ಪುಟಗಟ್ಟಲೆ ಬರೆದರು. ಮೂರು ಪಾತ್ರಗಳಿಗೆ ನಿರ್ದೇಶಕರೇ ಹೆಸರಿನ ಚೀಟಿ ಅಂಟಿಸಿಟ್ಟಿರುವಾಗ ಅದನ್ನು ಓದಿ ಹೇಳುವುದಕ್ಕೆ ವಿಮರ್ಶಕನೇಕೆ, ಮೂರನೇ ಈಯತ್ತೆಯ ಹುಡುಗ ಸಾಕು. ಬ್ರಹ್ಮನಿಗೆ ಪೂಜೆಯಿಲ್ಲ, ಆದ್ದರಿಂದ ಈ ಪೊಲೀಸನಿಗೂ ಮರ್ಯಾದೆಯಿಲ್ಲ ಎಂಬ ‘ಶೋಧ’ವನ್ನು ಒಬ್ಬರು ನನಗೆ ಫೋನಿನಲ್ಲಿ ಅರ್ಧ ತಾಸು ವಿವರಿಸಿದರು. ಮಾನ್ವಿಯಂಥ ಊರಿನಲ್ಲಿ, ಜಗನ್ನಾಥದಾಸರು ಬಾಳಿದ ನೆಲದಲ್ಲಿ, ಹರಿಹರರ ತರತಮವನ್ನು ಇದಕ್ಕಿಂತ ಸೂಕ್ಷ್ಮವಾಗಿ ಚರ್ಚಿಸುವವರು ಚಹಾ ಅಂಗಡಿಯಲ್ಲೇ ಸಿಗುತ್ತಾರೆ. ಪುರಾಣದ ಹೋಲಿಕೆ ಹೊಂದಿತೆಂದ ಮಾತ್ರಕ್ಕೆ ಪಾತ್ರಕ್ಕೆ ಜೀವ ಬಂತೆಂದು ತಿಳಿಯುವುದು ನಮ್ಮ ವಿಮರ್ಶೆಯ ಹಳೇ ಚಟ.

ಒಂಟಿತನವನ್ನು ನಗೆಯಲ್ಲಿ ಹಿಡಿಯುವುದು ರಾಜ್ ಶೆಟ್ಟರಿಗೆ ಬಾರದ ವಿದ್ಯೆಯೇನಲ್ಲ. ಅವರ 2017ರ ‘ಒಂದು ಮೊಟ್ಟೆಯ ಕಥೆ’ಯ ಜನಾರ್ದನ, ಹೆಣ್ಣು ಸಿಗದ ಬೋಳುತಲೆಯ ಕನ್ನಡ ಮೇಷ್ಟ್ರು, ರಾಜಕುಮಾರರ ಭಕ್ತ, ಎಷ್ಟು ಒಂಟಿಯೋ ಅಷ್ಟೇ ನಗೆಪಾಟಲು. ಅವನಿಗೊಂದು ನೌಕರಿಯಿತ್ತು, ತಿಂಗಳ ಸಂಬಳವಿತ್ತು, ಸಂಬಳವಿದ್ದೂ ಹೆಣ್ಣಿಲ್ಲವಲ್ಲ ಎಂಬ ಅವಮಾನವಿತ್ತು. ಶಿವನಿಗೆ ಅವಮಾನದ ಲೆಕ್ಕವೂ ಇಲ್ಲ, ದುಡ್ಡಿನ ಲೆಕ್ಕವೂ ಇಲ್ಲ.

ಫಿನ್ಲೆಂಡಿನ ಅಕಿ ಕೌರಿಸ್ಮಾಕಿ 1990ರಲ್ಲಿ ಲಂಡನ್ನಿನಲ್ಲಿ ತೆಗೆದ ‘ಐ ಹೈರ್ಡ್ ಎ ಕಾಂಟ್ರ್ಯಾಕ್ಟ್ ಕಿಲ್ಲರ್’ ಕೊಲೆಗಾರನ ಒಂಟಿತನಕ್ಕೂ ಕೂಲಿಗೂ ನಂಟಿದೆಯೆಂಬ ಮಾತಿಗೆ ಒಳ್ಳೆಯ ಒರೆಗಲ್ಲು. ನೀರು ಸರಬರಾಜು ಕಚೇರಿಯಲ್ಲಿ 15 ವರ್ಷ ದುಡಿದ ಗುಮಾಸ್ತನ ಕೆಲಸ ಹೋಗುತ್ತದೆ. ಸಾಯಲು ಹೋದರೆ ಅದೂ ಕೈಗೂಡದೆ ತನ್ನನ್ನೇ ಕೊಲ್ಲಲು ಸುಪಾರಿ ಕೊಡುತ್ತಾನೆ. ಅಷ್ಟರಲ್ಲಿ ಗುಲಾಬಿ ಮಾರುವವಳ ಮೇಲೆ ಮನಸ್ಸಾಗುತ್ತದೆ. ಸುಪಾರಿ ವಾಪಸು ಪಡೆಯಲು ಓಡಿದರೆ ಅದನ್ನು ಕೊಟ್ಟಿದ್ದ ಬಾರೇ ನೆಲಸಮವಾಗಿದೆ. ಅವನ ಬೆನ್ನು ಹತ್ತಿದ ಕೊಲೆಗಾರನೋ ಕ್ಯಾನ್ಸರ್ ರೋಗಿ, ಇನ್ನೇನು ಸಾಯುವವನು. ಮುಂಗಡ ತೆಗೆದುಕೊಂಡ ಮೇಲೆ ಕೆಲಸ ಮುಗಿಸಬೇಕಲ್ಲ ಎಂದು ಕೂಲಿಯವನ ಹಾಗೆ ಅಲೆಯುತ್ತಾನೆ. ಅವನು ಒಂಟಿ ಎಂದು ಯಾವ ಹಾಡೂ ಹೇಳಬೇಕಾಗಿಲ್ಲ. ಕೆಲಸವೇ ಹೇಳುತ್ತದೆ.

ಹಾಗೆ ನೋಡಿದರೆ ‘ಗರುಡ ಗಮನ’ದಲ್ಲಿ ನಿಜವಾದ ಸುಪಾರಿ ಕೊಲೆಗಾರ ಶಿವನಲ್ಲ, ಬ್ರಹ್ಮಯ್ಯ. ಮೇಲಿನವರ ಒತ್ತಡ, ಎದೆಯೊಳಗೆ ನಡುಕ, ಕತ್ತಿ ಮುಟ್ಟದೆ ಒಬ್ಬನ ಮೇಲೆ ಇನ್ನೊಬ್ಬನನ್ನು ಎತ್ತಿಕಟ್ಟುವ ಉಪಾಯ, ಇಷ್ಟಕ್ಕೂ ಸರಕಾರದ ಪಗಾರ. ದೇಶಪಾಂಡೆಯವರು ಬೆವರುವ ರೀತಿಯಲ್ಲೇ ಒಂದು ಸಿನಿಮಾ ಇದೆ. ನಮ್ಮ ಟಾಕೀಸಿನಲ್ಲಿ ಮಂದಿ ನಕ್ಕದ್ದು ಅವರು ಕಂಡಾಗಲೇ. ಕಥೆ ಹೇಳುವವನೂ ಬ್ರಹ್ಮಯ್ಯನೇ. ಆದರೂ ಸಿನಿಮಾ ಅವನನ್ನು ಸೂತ್ರಧಾರನ ಮೂಲೆಗೆ ತಳ್ಳಿ, ಕುಣಿಯುವ ದೇವರ ಕಡೆಗೇ ಮುಖ ಮಾಡಿ ಕೂತಿತು.

ಆಟ ಬಿಟ್ಟ ಮೇಲೆ ಹುಡುಗನ ಜೊತೆ ಬಸ್‌ಸ್ಟ್ಯಾಂಡಿಗೆ ನಡೆದೆ. ಶಿವನ ಬಗ್ಗೆ ಅವನು ಏನೂ ಕೇಳಲಿಲ್ಲ. ದೇವದುರ್ಗದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ. ‘ಸರ, ಆ ಪೊಲೀಸ್ ಸಾಹೇಬ್ರನ್ನ ಆಮ್ಯಾಲೆ ಯಾವ ಊರಿಗೆ ವರ್ಗ ಮಾಡಿರಬೇಕ್ರೀ?’