‘ವಿಲನ್’ ಶಬ್ದವೂ ಇತಿಹಾಸದ ಅನುವಾದವೂ

‘ವಿಲನ್’ ಎಂಬುದು ಕನ್ನಡಿಗರಿಗೆ ಈಗ ಪರಕೀಯ ಶಬ್ದವಲ್ಲ. ಚಲನಚಿತ್ರದ ಖಳನಾಯಕನನ್ನು ಇಂಗ್ಲಿಷ್ ಅರಿಯದವರೂ ಈ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಇಂಗ್ಲೆಂಡಿನ ಮಧ್ಯಯುಗದ ಇತಿಹಾಸದಲ್ಲಿ ಈ ಶಬ್ದವು ಒಬ್ಬ ರೈತನನ್ನು ಸೂಚಿಸುತ್ತದೆ. ಎರಡಕ್ಕೂ ಬರೆವಣಿಗೆಯಲ್ಲಿ ಒಂದಕ್ಷರದ ವ್ಯತ್ಯಾಸ. ಉಚ್ಚಾರಣೆಯಲ್ಲಿ ಅದೂ ಇಲ್ಲ. ಈ ರೈತನನ್ನು ಕನ್ನಡದಲ್ಲಿ ‘ಗುಲಾಮ’ ಎಂದೋ ‘ಜೀತಗಾರ’ ಎಂದೋ ಬರೆಯುವುದುಂಟು. ಇವೆರಡೂ ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.

ಶಬ್ದದ ಮೂಲ ಲ್ಯಾಟಿನ್ನಿನ ‘ವಿಲ್ಲ’. ಎಂದರೆ ಹೊಲಗದ್ದೆಗಳಿಂದ ಕೂಡಿದ ಗ್ರಾಮಾಂತರದ ಮನೆ. ಅದಕ್ಕೆ ಸೇರಿದವನು ‘ವಿಲ್ಲಾನುಸ್’. ೧೦೮೬ರ ಡೂಮ್ಸ್‌ಡೇ ದಾಖಲೆಯಲ್ಲಿ ಇಂಥವರು ಒಂದು ಲಕ್ಷಕ್ಕೂ ಮಿಕ್ಕು ಎಣಿಕೆಗೆ ಬಂದಿದ್ದಾರೆ. ಗುಲಾಮರನ್ನು ಅಲ್ಲಿ ‘ಸೆರ್ವುಸ್’ ಎಂದು ಬೇರೆಯಾಗಿಯೇ ಲೆಕ್ಕಹಾಕಿದೆ. ದಾಖಲೆ ಬರೆದವರೇ ಬೇರ್ಪಡಿಸಿದುದನ್ನು ನಾವು ಬೆರೆಸುವುದು ಹೇಗೆ? ‘ಜೀತಗಾರ’ ಎಂಬುದೂ ಹೊಂದದು. ಜೀತಕ್ಕೆ ಬಹುಮಟ್ಟಿಗೆ ಸಾಲವೇ ಕಾರಣ, ಈತನಿಗಾದರೋ ವಂಶಪಾರಂಪರ್ಯವಾಗಿ ಬಂದ ಸಾಗುವಳಿಯ ಭೂಮಿಯಿತ್ತು.

ಹನ್ನೆರಡನೆಯ ಶತಮಾನದ ಕೊನೆಯ ವೇಳೆಗೆ ನ್ಯಾಯಶಾಸ್ತ್ರವು ಈತನನ್ನು ಅಸ್ವತಂತ್ರನನ್ನಾಗಿಸಿತು. ಭೂಮಿಯ ವಿಷಯದಲ್ಲಿ ಒಡೆಯನ ವಿರುದ್ಧ ಅರಸನ ನ್ಯಾಯಾಲಯಕ್ಕೆ ಹೋಗುವಂತಿಲ್ಲ; ಮಗಳ ಮದುವೆಗೆ ಒಡೆಯನಿಗೆ ಹಣ ತೆರಬೇಕು; ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ಒಡೆಯನ ಪಾಲು. ೧೩೮೧ರಲ್ಲಿ ರೈತರು ದಂಗೆಯೆದ್ದಾಗ, ಜೂನ್ ೧೪ರಂದು ಮೈಲ್ ಎಂಡಿನಲ್ಲಿ ಎರಡನೆಯ ರಿಚರ್ಡನು ಈ ಬಂಧನವನ್ನು ತೊಡೆಯುವುದಾಗಿ ಮಾತು ಕೊಟ್ಟನು. ಜುಲೈ ೨ರಂದು ಅದನ್ನು ರದ್ದುಪಡಿಸಿದನು. ರಾಜವಚನದ ಆಯುಷ್ಯ ಮೂರು ವಾರವೂ ಆಗಲಿಲ್ಲ!

ಹಳ್ಳಿಗನ ಹೆಸರು ಬೈಗುಳವಾದುದಕ್ಕೆ ಆತನ ನಡತೆ ಕಾರಣವಲ್ಲ. ಶ್ರೀಮಂತರ ಬಾಯಲ್ಲಿ ‘ಹಳ್ಳಿಯವನು’ ‘ಕುಲಹೀನ’ನಾದನು, ‘ಕುಲಹೀನ’ನು ‘ನೀಚ’ನಾದನು, ‘ನೀಚ’ನು ‘ದುಷ್ಟ’ನಾದನು. ಷೇಕ್ಸ್‌ಪಿಯರನ ‘ಆಸ್ ಯು ಲೈಕ್ ಇಟ್’ ನಾಟಕದಲ್ಲಿ ಅಣ್ಣನು ಈ ಶಬ್ದದಿಂದ ಬೈದಾಗ ಆರ್ಲಾಂಡೊ ತನ್ನ ತಂದೆಯ ಹೆಸರನ್ನು ಹೇಳಿ ಉತ್ತರಿಸುತ್ತಾನೆ. ಹಳೆಯ ಅರ್ಥವನ್ನರಿಯದ ವಿದ್ಯಾರ್ಥಿಗೆ ಆ ಉತ್ತರದ ಶ್ಲೇಷೆ ತಿಳಿಯುವುದೇ ಇಲ್ಲ. ನಾಟಕದ ಖಳನೆಂಬ ಅರ್ಥ ಇನ್ನೂ ಈಚಿನದು, ಹತ್ತೊಂಬತ್ತನೆಯ ಶತಮಾನದ್ದು.

ಇಂಗ್ಲಿಷರನ್ನಷ್ಟೇ ದೂರುವಂತಿಲ್ಲ. ದಂಡಿಯಂಥ ಆಲಂಕಾರಿಕರು ‘ಗ್ರಾಮ್ಯತೆ’ಯನ್ನು ಕಾವ್ಯದೋಷವೆಂದೆಣಿಸಿದರು, ನಗರದವನು ಮಾತ್ರ ನಮ್ಮಲ್ಲಿಯೂ ‘ನಾಗರಿಕ’ನಾದನು.

ಭೂಮಿಯಿಲ್ಲದ ಗುಲಾಮನು ದಂಗೆಯೆದ್ದನೆಂದು ಓದುವ ವಿದ್ಯಾರ್ಥಿಗೆ, ೧೩೮೧ರ ರೈತರು ಒಡೆತನದ ದಾಖಲೆಗಳನ್ನು ಹುಡುಕಿ ಸುಟ್ಟುದೇಕೆಂಬುದು ಅರ್ಥವಾಗುವುದು ಕಷ್ಟ. ಅವರ ಭೂಮಿಯೂ ಬಂಧನವೂ ಆ ಕಾಗದಗಳಲ್ಲಿಯೇ ಇದ್ದುವು. ಆದುದರಿಂದ ೧೦೮೬ರ ದಾಖಲೆಯ ಸಂದರ್ಭದಲ್ಲಿ ‘ಒಕ್ಕಲು’ ಎಂದೂ, ಹದಿಮೂರು ಹದಿನಾಲ್ಕನೆಯ ಶತಮಾನಗಳಿಗೆ ‘ಕಟ್ಟುಬಿದ್ದ ಒಕ್ಕಲು’ ಎಂದೂ ಬರೆಯುವುದು ಯುಕ್ತ. ‘ಗುಲಾಮ’ ಪದವನ್ನು ‘ಸೆರ್ವುಸ್’ಗೆ ಮೀಸಲಿಡಬಹುದು.